ಪಾತ್ರೆಯೊಳಗಿನ ಸುಳಿ

ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸಿ ಸ್ಥಿರಾಸನವನ್ನು ಪಡೆದು ಎರಡು ತಲೆಮಾರುಗಳೇ ಕಳೆದಿರುವ ನಮ್ಮ ನಾಡಿನಲ್ಲಿ, ಅದರ ಮಗ್ಗುಲಿಗೆ ಎತ್ತರದ ಪಾರದರ್ಶಕ ಜಾರು, ಭಾರವಾದ ಪೀಠ ಮತ್ತು ಅದಕ್ಕಿಂತಲೂ ಭಾರವಾದ ಬೆಲೆಯಿಂದ ಕೂಡಿದ ಬ್ಲೆಂಡರೆಂಬ ಇನ್ನೊಂದು ಯಂತ್ರವನ್ನು ತಂದಿರಿಸುವುದು ಅವಶ್ಯವೆ, ಅಥವಾ ಅದು ಕೇವಲ ಆಡಂಬರವೆ ಎಂಬ ಪ್ರಶ್ನೆ ಈಚೆಗೆ ಅನೇಕ ಸಂಸಾರಗಳಲ್ಲಿ ಎದ್ದಿದೆ. ಹಣ್ಣು, ಸೊಪ್ಪು, ನೆನೆಸಿದ ಬಾದಾಮಿ, ಮೊಸರು ಇವುಗಳನ್ನು ಒಟ್ಟಿಗೆ ನುಣ್ಣಗೆ ಅರೆದು ಬೆಳಗಿನ ಹೊತ್ತು ಕುಡಿಯುವ ಸ್ಮೂದಿಯ ಅಭ್ಯಾಸ ಪಟ್ಟಣಗಳಲ್ಲಿ ಬೇರೂರುತ್ತಿರುವುದೇ ಈ ಪ್ರಶ್ನೆಗೆ ಮೂಲ. ಉತ್ತರ ಹೇಳುವವರು, ಅಂಗಡಿಯವರಾಗಲಿ ಆಪ್ತರಾಗಲಿ, ಸಾಮಾನ್ಯವಾಗಿ ವಾಟುಗಳ ಲೆಕ್ಕದಿಂದಲೇ ಮಾತನ್ನು ಆರಂಭಿಸುತ್ತಾರೆ. ಯಂತ್ರದ ನಿಜವಾದ ಸಾಮರ್ಥ್ಯವಿರುವುದು ಪೀಠದ ಮೇಲೆ ಅಚ್ಚಾದ ಆ ಸಂಖ್ಯೆಯಲ್ಲಿ ಅಲ್ಲ, ಪಾತ್ರೆಯೊಳಗೆ ಏಳುವ ಸುಳಿಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಸುಳಿಯ ಸ್ವಭಾವವನ್ನು ಬಲ್ಲವರಿಗೆ ಯಾವ ಯಂತ್ರವನ್ನು ಕೊಳ್ಳಬೇಕು, ಕೊಂಡ ಮೇಲೆ ಅದರೊಡನೆ ಹೇಗೆ ಬಾಳಬೇಕು ಎಂಬ ಉಳಿದ ವಿಷಯಗಳೆಲ್ಲ ಬಹುಮಟ್ಟಿಗೆ ತಾವಾಗಿಯೇ ಸ್ಪಷ್ಟವಾಗುತ್ತವೆ.

ಜಾರಿನ ತಳದಲ್ಲಿ ತಿರುಗುವ ಬ್ಲೇಡು ತನ್ನ ಬಳಿಯಿರುವ ದ್ರವವನ್ನು ಹೊರಕ್ಕೆ ಎಸೆಯುತ್ತದೆ. ಹಾಗೆ ಎಸೆಯಲ್ಪಟ್ಟ ದ್ರವವು ಗೋಡೆಯನ್ನು ತಾಕಿ ಮೇಲೇರಿ, ನಡುವೆ ಉಂಟಾದ ತಗ್ಗಿನೊಳಕ್ಕೆ ಜಾರಿ, ಮತ್ತೆ ಬ್ಲೇಡಿನ ಬಾಯಿಗೇ ಬಂದು ಬೀಳುತ್ತದೆ. ಈ ಆವರ್ತನ ಅವಿಚ್ಛಿನ್ನವಾಗಿ ನಡೆದರೆ ಸೊಪ್ಪಿನ ನಾರೂ, ಬೀಜದ ಸಿಪ್ಪೆಯೂ, ಮಂಜುಗಡ್ಡೆಯ ಚೂರೂ ಮತ್ತೆ ಮತ್ತೆ ಬ್ಲೇಡಿಗೆ ಸಿಕ್ಕಿ ಕಣಕಣವಾಗುತ್ತವೆ. ಎಲ್ಲಿಯಾದರೂ ಅದು ಕಡಿದುಹೋದರೆ, ತಳದಲ್ಲಿ ಎಷ್ಟೇ ರಭಸದ ತಿರುಗಾಟವಿದ್ದರೂ ಮೇಲಿನ ಅರ್ಧ ಹಾಗೆಯೇ ನಿಂತಿರುತ್ತದೆ. ಒಳಗಿನದೆಲ್ಲವೂ ಒಂದೇ ಮುದ್ದೆಯಾಗಿ ಬ್ಲೇಡಿನೊಡನೆ ಸುತ್ತತೊಡಗಿದರೂ ಕೆಲಸ ಕೆಡುತ್ತದೆ. ಮೊಸರನ್ನು ಕಡೆಯುವವರು ಕಡೆಗೋಲಿನ ಹಗ್ಗವನ್ನು ಒಂದೇ ದಿಕ್ಕಿಗೆ ಎಳೆಯದೆ ಹಿಂದಕ್ಕೂ ಮುಂದಕ್ಕೂ ಎಳೆಯುವುದರಿಂದ ಮೊಸರು ಕೋಲಿನೊಡನೆ ಸುಮ್ಮನೆ ಸುತ್ತದೆ ಒಡೆಯುತ್ತದಷ್ಟೆ. ಒಂದೇ ದಿಕ್ಕಿಗೆ ತಿರುಗಬಲ್ಲ ಬ್ಲೆಂಡರಿನಲ್ಲಿ ಆ ಕೆಲಸವನ್ನು ಜಾರಿನ ಗೋಡೆಯ ಏಣುಗಳೂ, ಚೌಕಾಕಾರದ ಮೂಲೆಗಳೂ ಮಾಡುತ್ತವೆ. ಆದುದರಿಂದ ಅಂಗಡಿಯಲ್ಲಿ ಯಂತ್ರವನ್ನು ಪರೀಕ್ಷಿಸುವವರು ಮೊದಲು ನೋಡಬೇಕಾದದ್ದು ಜಾರಿನ ಒಳಮೈಯನ್ನು: ತಳ ಕಿರಿದಾಗಿ ಬಾಯಿ ಅಗಲವಾಗಿದೆಯೆ, ಗೋಡೆಯಲ್ಲಿ ಏಣುಗಳಿವೆಯೆ, ಬ್ಲೇಡು ತಳದ ಬಹುಭಾಗವನ್ನು ವ್ಯಾಪಿಸಿದೆಯೆ ಎಂಬುದನ್ನು.

ಬ್ಲೇಡಿನ ಹರಿತದ ವಿಷಯದಲ್ಲಿಯೂ ಒಂದು ತಪ್ಪು ಕಲ್ಪನೆ ಪ್ರಚಾರದಲ್ಲಿದೆ. ಉತ್ತಮವಾದ ಬ್ಲೆಂಡರುಗಳ ಬ್ಲೇಡುಗಳು ಅನೇಕವೇಳೆ ಚಾಕುವಿನಂತೆ ಹರಿತವಾಗಿರದೆ ಮೊಂಡಾಗಿಯೇ ಇರುತ್ತವೆ. 7.5 ಸೆಂಟಿಮೀಟರ್ ಉದ್ದದ ಬ್ಲೇಡು ನಿಮಿಷಕ್ಕೆ 20,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 280 ಕಿಲೋಮೀಟರ್ ಆಗುತ್ತದೆ. ಅಂತಹ ವೇಗದಲ್ಲಿ ಪದಾರ್ಥವನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಹೊಡೆತವೂ, ದ್ರವದ ಪದರಗಳ ನಡುವಿನ ಸೆಳೆತವೂ ಸೇರಿ ಅದನ್ನು ಛಿದ್ರಗೊಳಿಸುತ್ತವೆ. ಹರಿತದ ಅಂಚು ಕಾಲಕ್ರಮದಲ್ಲಿ ಮೊಂಡಾಗುವುದು ಸಹಜ. ಆದರೆ ದಪ್ಪನಾದ ಲೋಹವೂ, ಅದನ್ನು ಹೊತ್ತು ತಿರುಗುವ ಬೇರಿಂಗಿನ ದಾರ್ಢ್ಯವೂ ದೀರ್ಘಕಾಲ ಬಾಳುತ್ತವೆ.

ಈ ಯಂತ್ರದ ಜನ್ಮವೃತ್ತಾಂತವೂ ಅದರ ಸ್ವಭಾವವನ್ನು ತಿಳಿಸಿಕೊಡತಕ್ಕದ್ದಾಗಿದೆ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ರಸೀನ್ ಎಂಬ ಊರಿನಲ್ಲಿ ಸ್ಟೀಫನ್ ಪೊಪ್ಲಾವ್ಸ್ಕಿ ಎಂಬಾತನು 1922ರಲ್ಲಿ ಪಾನೀಯಗಳನ್ನು ಬೆರೆಸುವುದಕ್ಕಾಗಿ, ಲೋಟದ ತಳದಲ್ಲಿಯೇ ತಿರುಗುವ ಸಾಧನವನ್ನು ರೂಪಿಸಿದನು. ನಮ್ಮ ಮನೆಗಳ ಕಪಾಟಿನಲ್ಲಿ ಎಷ್ಟೋ ಕಾಲದಿಂದ ಕಾಣುತ್ತಿರುವ ಹಾರ್ಲಿಕ್ಸ್ ಅದೇ ರಸೀನಿನಲ್ಲಿ ಹುಟ್ಟಿದ್ದು. ಮಾಲ್ಟಿನ ಪುಡಿಯನ್ನು ಹಾಲಿನೊಡನೆ ಗಂಟಿಲ್ಲದೆ ಬೆರೆಸುವುದೇ ಈ ಹೊಸ ಸಾಧನದ ಉದ್ದೇಶವಾಗಿತ್ತು. ಅನಂತರ ಫ್ರೆಡ್ ಓಸಿಯಸ್ ಅದನ್ನು ಸುಧಾರಿಸಿದನು. ವಾದ್ಯವೃಂದದ ನಾಯಕನಾಗಿ ಪ್ರಸಿದ್ಧನಾಗಿದ್ದ ಫ್ರೆಡ್ ವೇರಿಂಗ್ ಹಣವನ್ನೂ ತನ್ನ ಹೆಸರನ್ನೂ ಕೊಟ್ಟನು. 1937ರಲ್ಲಿ ಶಿಕಾಗೋದಲ್ಲಿ ನಡೆದ ಉಪಾಹಾರಗೃಹಗಳ ಪ್ರದರ್ಶನದಲ್ಲಿ ಅದು ಜನರ ಮುಂದೆ ಬಂದಿತು. ಅದೇ ಕಾಲದಲ್ಲಿ ಊರೂರು ತಿರುಗಿ ಅಡುಗೆಯ ಉಪಕರಣಗಳನ್ನು ಮಾರುತ್ತಿದ್ದ ವಿಲಿಯಂ ಬರ್ನಾರ್ಡನು ವೈಟಮಿಕ್ಸ್ ಎಂಬ ಯಂತ್ರವನ್ನು ಆರೋಗ್ಯದ ಸಾಧನವೆಂದು ಸಾರತೊಡಗಿದನು. 1949ರಲ್ಲಿ ಆತನು ಕ್ಲೀವ್‌ಲ್ಯಾಂಡಿನ ದೂರದರ್ಶನ ಕೇಂದ್ರದಿಂದ ಮಾಡಿ ತೋರಿಸಿದ ಪ್ರಾತ್ಯಕ್ಷಿಕೆ ಆ ದೇಶದ ಜಾಹೀರಾತಿನ ಚರಿತ್ರೆಯಲ್ಲಿಯೇ ಹೊಸದೊಂದು ಮಾರ್ಗವನ್ನು ತೆರೆಯಿತು. ಹಾಲು, ಹಣ್ಣು, ಮಂಜುಗಡ್ಡೆ ಇವೇ ಬ್ಲೆಂಡರಿನ ಬಾಲ್ಯದ ಆಹಾರ. ಅದು ಆದಿಯಿಂದಲೂ ದ್ರವದ ಯಂತ್ರ.

ಅಡುಗೆಮನೆಯ ಈ ಸಾಧನ ಒಮ್ಮೆ ಜೀವವಿಜ್ಞಾನದ ಮಹತ್ತರವಾದ ಪ್ರಶ್ನೆಯೊಂದಕ್ಕೆ ಉತ್ತರ ಕೊಡಿಸಿತೆಂಬುದನ್ನು ಇಲ್ಲಿ ಹೇಳದಿರಲಾರೆ. ಆಲ್ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ 1952ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬ್ಯಾಕ್ಟೀರಿಯಾಗಳ ಮೈಗೆ ಅಂಟಿಕೊಂಡು ತಮ್ಮ ಆನುವಂಶಿಕ ದ್ರವ್ಯವನ್ನು ಒಳಕ್ಕೆ ಕಳುಹಿಸಿದ್ದ ವೈರಸ್ಸುಗಳ ಬರಿದಾದ ಹೊರಕವಚಗಳನ್ನು ಕಳಚಿ ಬೇರ್ಪಡಿಸಲು ಅವರು ಬಳಸಿದ್ದು ವೇರಿಂಗ್ ಬ್ಲೆಂಡರನ್ನೇ. ಬ್ಯಾಕ್ಟೀರಿಯಾಗಳು ನಾಶವಾಗದೆ ಕವಚಗಳು ಮಾತ್ರ ಕಳಚಿಬಿದ್ದುವು. ಒಳಗೆ ಹೋದದ್ದು ಪ್ರೋಟೀನಲ್ಲ, ಡಿಎನ್‌ಎ ಎಂಬುದು ಇದರಿಂದ ಸಿದ್ಧವಾಯಿತು. ಹರ್ಷಿಯವರಿಗೆ 1969ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬೇಕಾದಷ್ಟೇ ಬಲವನ್ನು, ಬೇಕಾದಷ್ಟು ಹೊತ್ತು ಮಾತ್ರ ಪ್ರಯೋಗಿಸಬಲ್ಲ ಯಂತ್ರವೇ ಒಳ್ಳೆಯ ಯಂತ್ರವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ನನಗೆ ತಿಳಿಯದು. ಒಂದೇ ಗುಂಡಿಯನ್ನೊತ್ತಿದರೆ ಪೂರ್ಣವೇಗಕ್ಕೆ ಹಾರುವ ಬ್ಲೆಂಡರಿಗಿಂತ, ವೇಗವನ್ನು ಮೆಲ್ಲಗೆ ಏರಿಸಬಲ್ಲ ತಿರುಗುಗುಬ್ಬಿಯುಳ್ಳ ಬ್ಲೆಂಡರು ಮೇಲೆಂದು ನಾನು ಹೇಳುವುದಕ್ಕೆ ಇದೇ ಆಧಾರ.

ಮಿಕ್ಸಿಯ ಕುಲಗೋತ್ರಗಳು ಇದಕ್ಕೆ ತೀರ ಭಿನ್ನವಾದುವು. ಹೊರದೇಶದಿಂದ ಬಂದ ಬ್ಲೆಂಡರುಗಳಲ್ಲಿ ನಮ್ಮ ಗೃಹಿಣಿಯರು ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಗಟ್ಟಿಚಟ್ನಿ, ನೆನೆಸಿದ ಉದ್ದಿನಬೇಳೆ ಇವುಗಳನ್ನು ಅರೆಯಹೋದಾಗ ಅವುಗಳ ಮೋಟಾರುಗಳು ಸುಟ್ಟುಹೋಗುತ್ತಿದ್ದುವು. ಹಾಲು ಹಣ್ಣುಗಳಿಗಾಗಿ ಹುಟ್ಟಿದ ಯಂತ್ರ ಒರಳುಕಲ್ಲಿನ ಹೊರೆಯನ್ನು ಹೊರುವುದಾದರೂ ಹೇಗೆ? ಸೀಮನ್ಸ್ ಸಂಸ್ಥೆಯಲ್ಲಿ ಎಂಜಿನಿಯರರಾಗಿದ್ದ ಸತ್ಯಪ್ರಕಾಶ ಮಾಥುರರು, ತಮ್ಮ ಪತ್ನಿ ಮಾಧುರಿಯವರ ಅಡುಗೆಮನೆಯಲ್ಲಿ ಈ ಕಷ್ಟವನ್ನು ಪ್ರತ್ಯಕ್ಷವಾಗಿ ಕಂಡು, ನಮ್ಮ ಅರೆತಕ್ಕೆ ಒಗ್ಗುವ ಮೋಟಾರನ್ನೂ ಉಕ್ಕಿನ ಜಾರನ್ನೂ ರೂಪಿಸಿ, 1963ರಲ್ಲಿ ಸುಮೀತ್ ಮಿಕ್ಸಿಯನ್ನು ಹೊರತಂದರು. ಅಗಲವಾದ ಗಿಡ್ಡ ಜಾರು, ತಳಕ್ಕೆ ತಾಗಿದಂತಿರುವ ಬ್ಲೇಡು, ಚಟ್ನಿಗೆಂದೇ ಒಂದು ಪುಟ್ಟ ಜಾರು, ಹೊರೆ ಮಿತಿಮೀರಿದಾಗ ಮೋಟಾರನ್ನು ನಿಲ್ಲಿಸಿ ಕಾಪಾಡುವ, ತಳದಲ್ಲಿರುವ ಕೆಂಪು ಗುಂಡಿ ಇವೆಲ್ಲವೂ ಅಲ್ಪ ನೀರಿನಲ್ಲಿ, ಅಥವಾ ನೀರೇ ಇಲ್ಲದೆ, ಗಟ್ಟಿಯಾದದ್ದನ್ನು ನುಣ್ಣಗೆ ಮಾಡುವ ಉದ್ದೇಶಕ್ಕೆ ಒದಗಿದ ಅಂಗಗಳು. ದಕ್ಷಿಣ ಭಾರತದ ಸ್ತ್ರೀಯರ ದೇಹಶ್ರಮವನ್ನು ತಗ್ಗಿಸಿದ ಉಪಕಾರಿಗಳಲ್ಲಿ ಈ ಯಂತ್ರಕ್ಕೆ ಅಗ್ರಸ್ಥಾನ ಸಲ್ಲಬೇಕು. ಹೊಸ ಬ್ಲೆಂಡರನ್ನು ಕೊಂಡ ಉತ್ಸಾಹದಲ್ಲಿ ಮಿಕ್ಸಿಯನ್ನು ಅಟ್ಟಕ್ಕೆ ಏರಿಸುವವರು ಬಹುಬೇಗ ಅದನ್ನು ಮತ್ತೆ ಇಳಿಸಬೇಕಾಗುತ್ತದೆ.

ಹಾಗಾದರೆ ಸ್ಮೂದಿಗೆ ಮಿಕ್ಸಿ ಸಾಲದೆ? ಬಾಳೆ, ಪಪ್ಪಾಯಿ, ಸಪೋಟ, ಮಾವು ಇವುಗಳನ್ನು ಮೊಸರಿನೊಡನೆಯೋ ಹಾಲಿನೊಡನೆಯೋ ಅರೆಯುವುದಷ್ಟೇ ನಿತ್ಯದ ಕೆಲಸವಾಗಿದ್ದರೆ 750 ವಾಟಿನ ಮಿಕ್ಸಿ ಧಾರಾಳವಾಗಿ ಸಾಕು. ಅದಕ್ಕೆಂದು ಇನ್ನೊಂದು ಯಂತ್ರ ತರುವುದು ದುಂದುಗಾರಿಕೆ. ಹಸಿಸೊಪ್ಪು, ಬೀಟ್‌ರೂಟು, ಸಿಪ್ಪೆಸಹಿತ ಬಾದಾಮಿ, ಅಗಸೆಬೀಜ, ಫ್ರೀಜರಿನಲ್ಲಿ ಕಲ್ಲಿನಂತಾದ ಹಣ್ಣು ಇವು ಪ್ರತಿದಿನವೂ ಜಾರಿಗೆ ಬೀಳತೊಡಗಿದಾಗ ಮಾತ್ರ ಮಿಕ್ಸಿಯ ಮಿತಿ ತೋರುತ್ತದೆ. ಅದರ ಅಗಲವಾದ ಜಾರಿನಲ್ಲಿ ದ್ರವ ಗೋಡೆಗೆ ಸಿಡಿಯುವುದೇ ಹೆಚ್ಚು, ಮರಳಿ ನಡುವಿಗೆ ಇಳಿಯುವುದು ಕಡಿಮೆ. ಸೊಪ್ಪಿನ ಎಳೆಗಳು ಮುಚ್ಚಳಕ್ಕೂ ಬದಿಗೂ ಅಂಟಿ ಹಾಗೆಯೇ ಉಳಿಯುತ್ತವೆ. ಹೊಸ ಯಂತ್ರಕ್ಕೆ ಹಣ ಕೂಡದವರು ಸೊಪ್ಪನ್ನೂ ಬೀಜವನ್ನೂ ಸ್ವಲ್ಪವೇ ನೀರಿನೊಡನೆ ಚಟ್ನಿಜಾರಿನಲ್ಲಿ ಮೊದಲು ನುಣ್ಣಗೆ ಅರೆದು, ಆಮೇಲೆ ದೊಡ್ಡ ಜಾರಿನಲ್ಲಿ ಹಣ್ಣಿನೊಡನೆ ಕೂಡಿಸಬಹುದು. ಮಲೆನಾಡಿನವರು ಒಂದೆಲಗವನ್ನು ಕಾಯಿತುರಿಯೊಡನೆ ಅರೆದು ಮಜ್ಜಿಗೆಗೆ ಬೆರೆಸಿ ತಂಬುಳಿ ಮಾಡುವಾಗ ಅನುಸರಿಸುವ ಕ್ರಮವೂ ಇದೇ. ಹಸಿರೆಲೆಯನ್ನು ಅರೆದು ಕುಡಿಯುವುದು ನಮಗೆ ಹೊಸತೇನೂ ಅಲ್ಲ.

ಇನ್ನು ವಾಟುಗಳ ವಿಚಾರ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಯಂತ್ರ ವಿದ್ಯುತ್ತಿನಿಂದ ಎಳೆದುಕೊಳ್ಳುವ ಶಕ್ತಿಯೇ ಹೊರತು ಬ್ಲೇಡಿಗೆ ತಲಪುವ ಶಕ್ತಿಯಲ್ಲ. ನಡುವೆ ಒಂದಂಶ ಶಾಖವಾಗಿ, ಒಂದಂಶ ಶಬ್ದವಾಗಿ ವ್ಯಯವಾಗುತ್ತದೆ. ಅಮೆರಿಕದ ಜಾಹೀರಾತುಗಳಲ್ಲಿ ಮೂರೂವರೆ ಅಶ್ವಶಕ್ತಿ ಎಂಬಂತಹ ಘೋಷಣೆಗಳು ಕಂಡುಬರುವುದುಂಟು. ಒಂದು ಅಶ್ವಶಕ್ತಿಯೆಂದರೆ 746 ವಾಟ್. ಆ ದೇಶದ ಸಾಮಾನ್ಯ ಸಾಕೆಟ್ಟು 120 ವೋಲ್ಟಿನಲ್ಲಿ 15 ಆಂಪಿಯರನ್ನು, ಅಂದರೆ 1800 ವಾಟನ್ನು ಮಾತ್ರ ಕೊಡಬಲ್ಲದು. ಇದು ಎರಡೂವರೆ ಅಶ್ವಶಕ್ತಿಯನ್ನೂ ಮುಟ್ಟುವುದಿಲ್ಲ. ಹೀಗಿರುವಾಗ ಘೋಷಿತವಾದ ಸಂಖ್ಯೆ ಕ್ಷಣಮಾತ್ರದ ಉತ್ಕರ್ಷವೇ ಹೊರತು ನಿರಂತರವಾದ ಬಲವಲ್ಲವೆಂಬುದು ಸ್ಪಷ್ಟ. ನಮ್ಮ ಮನೆಗಳಲ್ಲಿಯೂ ಒಂದು ಲೆಕ್ಕವನ್ನು ಮರೆಯುವಂತಿಲ್ಲ: 230 ವೋಲ್ಟಿನ 6 ಆಂಪಿಯರ್ ಸಾಕೆಟ್ಟಿನ ಮಿತಿ 1380 ವಾಟ್. 1500 ಅಥವಾ 2000 ವಾಟಿನ ಬ್ಲೆಂಡರಿಗೆ ಗೀಸರಿಗೆ ಬೇಕಾಗುವಂತಹ 16 ಆಂಪಿಯರಿನ ದೊಡ್ಡ ಪವರ್ ಪ್ಲಗ್ಗೇ ಬೇಕು; ಅಡುಗೆಯ ಕಟ್ಟೆಯ ಬಳಿ ಅದು ಇದೆಯೆ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳುವುದು ಯುಕ್ತ. ವಿದ್ಯುತ್ತಿನ ಖರ್ಚಿನ ಭಯವನ್ನಂತೂ ಬಿಡಬಹುದು: 1500 ವಾಟಿನ ಯಂತ್ರವನ್ನು ದಿನಕ್ಕೊಂದು ನಿಮಿಷದಂತೆ ತಿಂಗಳಿಡೀ ಓಡಿಸಿದರೂ ಮುಕ್ಕಾಲು ಯೂನಿಟ್ಟಿಗಿಂತ ಹೆಚ್ಚಾಗುವುದಿಲ್ಲ. ನಿತ್ಯದ ಸ್ಮೂದಿಗೆ, ಜಾರಿನ ಆಕಾರ ಚೆನ್ನಾಗಿದ್ದ ಪಕ್ಷದಲ್ಲಿ, 1000ದಿಂದ 1400 ವಾಟ್ ಸಮರ್ಪಕವೆಂಬುದು ನನ್ನ ಅಭಿಮತ.

ಹೊರದೇಶಗಳಲ್ಲಿ ನೆಲಸಿರುವ ನಮ್ಮವರಿಗೆ ಸಂಬಂಧಿಸಿದ ಮಾತೊಂದುಂಟು. ಅಮೆರಿಕದಲ್ಲಿ ಕೊಂಡ ಬೆಲೆಬಾಳುವ ಬ್ಲೆಂಡರನ್ನು ಊರಿಗೆ ಮರಳುವಾಗ ಪೆಟ್ಟಿಗೆಯಲ್ಲಿಟ್ಟು ತರುವವರು ಅನೇಕರಿದ್ದಾರೆ. 120 ವೋಲ್ಟಿನ ಆ ಯಂತ್ರವನ್ನು ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ಪಿನ್ನನ್ನು ಮಾತ್ರ ಬದಲಿಸಿ ಜೋಡಿಸಿದರೆ ಮೋಟಾರು ಸುಟ್ಟುಹೋಗುವುದು ಖಂಡಿತ. ವೋಲ್ಟೇಜನ್ನು ಇಳಿಸುವ, 2000 ವಾಟನ್ನಾದರೂ ಹೊರಬಲ್ಲ ಟ್ರಾನ್ಸ್‌ಫಾರ್ಮರ್ ಅದಕ್ಕೆ ಬೇಕು, ಅದಾದರೋ ಬ್ಲೆಂಡರಿಗಿಂತಲೂ ಭಾರವಾಗಿರುತ್ತದೆ. ಇಲ್ಲಿಂದ ಮಿಕ್ಸಿಯನ್ನು ಕೊಂಡೊಯ್ಯುವವರೂ ಅಲ್ಲಿಗೆಂದೇ ತಯಾರಾದ 110 ವೋಲ್ಟಿನ ಮಿಕ್ಸಿಯನ್ನು ಕೇಳಿ ಪಡೆಯಬೇಕು. ಎರಡು ದೇಶಗಳ ನಡುವೆ ಸಂಸಾರವನ್ನು ಹಂಚಿಕೊಂಡವರು ಒಂದೊಂದೆಡೆ ಒಂದೊಂದು ಯಂತ್ರವನ್ನು ಇಟ್ಟುಕೊಳ್ಳುವುದೇ ಕ್ಷೇಮ.

ಜಾರಿನ ಗಾತ್ರದಲ್ಲಿ ಬಹುಮಂದಿ ಎಡವುತ್ತಾರೆ. ಎರಡು ಲೀಟರಿನ ಜಾರಿನಲ್ಲಿ ಒಬ್ಬರಿಗಾಗುವಷ್ಟು, ಅಂದರೆ ಒಂದು ಲೋಟದಷ್ಟು, ಪದಾರ್ಥವನ್ನು ಹಾಕಿದರೆ ಬ್ಲೇಡು ಮುಳುಗುವುದೇ ಇಲ್ಲ, ಸುಳಿ ಏಳುವುದಿಲ್ಲ, ಎಲ್ಲವೂ ಗೋಡೆಗೆ ಸಿಡಿದು ಅಂಟುತ್ತದೆ. ಒಬ್ಬಂಟಿಯಾಗಿ ವಾಸಿಸುವವರಿಗೆ ಲೋಟವನ್ನೇ ಬೋರಲು ಹಾಕಿ ತಿರುಗಿಸುವ ಸಣ್ಣ ಬ್ಲೆಂಡರು ಸಾಕು, ಮೂರು ನಾಲ್ಕು ಮಂದಿಯ ಮನೆಗೆ ಒಂದೂವರೆ ಲೀಟರಿನದು ತಕ್ಕದ್ದು. ಗಾಜಿನ ಜಾರಿಗೆ ವಾಸನೆ ಹಿಡಿಯುವುದಿಲ್ಲ, ಗೀರು ಬೀಳುವುದಿಲ್ಲ. ಆದರೆ ಭಾರ ಹೆಚ್ಚು, ಬಿಸಿಯಿಂದ ತಣ್ಣಗೆ ಒಮ್ಮೆಗೇ ಬದಲಾದರೆ ಬಿರಿಯುವ ಭಯವುಂಟು. ಪ್ಲಾಸ್ಟಿಕ್ ಜಾರುಗಳಲ್ಲಿ ಮೊದಲು ಬಳಕೆಯಲ್ಲಿದ್ದ ಪಾಲಿಕಾರ್ಬೊನೇಟಿನ ವಿಷಯದಲ್ಲಿ, ಅದರಿಂದ ಒಸರಬಹುದಾದ ಬಿಸ್ಫೀನಾಲ್-ಎ ಎಂಬ ವಸ್ತುವಿನ ಕಾರಣದಿಂದ, ಆಕ್ಷೇಪಗಳು ಬಂದುದರಿಂದ ಈಗ ಟ್ರೈಟಾನ್ ಎಂಬ ಬೇರೊಂದು ಪ್ಲಾಸ್ಟಿಕ್ಕಿನ ಬಳಕೆ ಹೆಚ್ಚಾಗಿದೆ. ಅದು ಹಗುರ, ಒಡೆಯುವುದು ಅಪರೂಪ. ಒಣ ರಾಗಿಯನ್ನೋ ಸಕ್ಕರೆಯನ್ನೋ ಅದರಲ್ಲಿ ಪುಡಿಮಾಡಿದರೆ ಒಳಮೈ ಗೀರಿ ಮಂಜಾಗುತ್ತದೆ. ಬೆಳ್ಳುಳ್ಳಿ, ಇಂಗು, ಸಾಂಬಾರು ಮಸಾಲೆಗಳನ್ನು ಒಮ್ಮೆ ಅದರಲ್ಲಿ ಅರೆದರೆ ಆ ವಾಸನೆ ವಾರಗಟ್ಟಲೆ ಹಣ್ಣಿನ ಪಾನೀಯದಲ್ಲಿ ಸುಳಿದಾಡುತ್ತಿರುತ್ತದೆ. ಮಸಾಲೆಗೆ ಮಿಕ್ಸಿ, ಹಣ್ಣಿಗೆ ಬ್ಲೆಂಡರು ಎಂಬ ವಿಂಗಡಣೆಯನ್ನು ಮನೆಯವರೆಲ್ಲರೂ ಪಾಲಿಸಬೇಕು.

ಯಂತ್ರ ಮನೆಗೆ ಬಂದ ಮೇಲೆ ಮೊದಲು ಕಲಿಯಬೇಕಾದದ್ದು ತುಂಬುವ ಕ್ರಮ. ದ್ರವವೂ ಮೊಸರೂ ತಳದಲ್ಲಿ, ಅದರ ಮೇಲೆ ಮೃದುವಾದ ಹಣ್ಣು, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಗಟ್ಟಿಯಾದ ಹೆಪ್ಪುಗಟ್ಟಿದ ಚೂರುಗಳು. ಭಾರವಾದ ಚೂರುಗಳು ಸೊಪ್ಪನ್ನು ಕೆಳಕ್ಕೆ ಒತ್ತುತ್ತವೆ, ದ್ರವ ಸುಳಿಯನ್ನು ಎಬ್ಬಿಸುತ್ತದೆ. ಬೋರಲು ಹಾಕುವ ಲೋಟದಲ್ಲಿ ಈ ಕ್ರಮ ತಲೆಕೆಳಗಾಗಬೇಕೆಂಬುದು ಹೇಳದೆಯೇ ತಿಳಿಯುವಂತಹುದು. ಆರಂಭದಲ್ಲಿ ಹತ್ತು ಸೆಕೆಂಡು ಮಂದವೇಗದಲ್ಲಿ ತಿರುಗಿಸಿ, ಪದಾರ್ಥ ಸಡಿಲಗೊಂಡ ಮೇಲೆ ವೇಗವನ್ನು ಏರಿಸಬೇಕು. ಕೆಲವೊಮ್ಮೆ ಮೋಟಾರಿನ ಸದ್ದು ಒಮ್ಮೆಲೇ ತೆಳ್ಳಗಾಗಿ ಮೇಲೇರುತ್ತದೆ, ಜಾರಿನೊಳಗೆ ಚಲನೆ ನಿಂತುಬಿಡುತ್ತದೆ. ಬ್ಲೇಡಿನ ಸುತ್ತ ಗಾಳಿಯ ಗುಳ್ಳೆಯೊಂದು ಕಟ್ಟಿಕೊಂಡು ಬ್ಲೇಡು ಬರಿಯ ಗಾಳಿಯಲ್ಲಿ ತಿರುಗುತ್ತಿದೆಯೆಂಬುದು ಇದರ ಅರ್ಥ. ಆಗ ವೇಗವನ್ನು ಹೆಚ್ಚಿಸುವುದು ವ್ಯರ್ಥ. ವೇಗವನ್ನು ಇಳಿಸಿ ಸ್ವಲ್ಪ ನೀರು ಬೆರೆಸಬೇಕು, ಇಲ್ಲವೆ ಯಂತ್ರದೊಡನೆಯೇ ಬರುವ ಟ್ಯಾಂಪರ್ ಎಂಬ ಕೋಲಿನಿಂದ ಒತ್ತಬೇಕು. ಆ ಕೋಲಿನ ಉದ್ದ ಬ್ಲೇಡಿಗೆ ತಾಗದಂತೆ ಅಳೆದು ಮಾಡಿದ್ದು. ಅದರ ಬದಲು ಸೌಟನ್ನೋ ಚಮಚವನ್ನೋ ಒಳಗಿಡುವುದು ಅತ್ಯಂತ ಅಪಾಯಕರ.

ವಿಜ್ಞಾನಿ ಜೇಮ್ಸ್ ಜೌಲ್ 1840ರ ದಶಕದಲ್ಲಿ ನೀರನ್ನು ಹುಟ್ಟುಗಳಿಂದ ಕದಡಿ, ಯಾಂತ್ರಿಕ ಶ್ರಮವೇ ಶಾಖವಾಗಿ ಪರಿಣಮಿಸುವುದನ್ನು ಅಳೆದು ತೋರಿಸಿದನು. ಆ ತತ್ತ್ವ ಬ್ಲೆಂಡರಿನೊಳಗೆ ಪ್ರತಿದಿನವೂ ಪ್ರತ್ಯಕ್ಷವಾಗುತ್ತದೆ. ಒಂದು ಲೀಟರ್ ದ್ರವದೊಳಕ್ಕೆ 1000 ವಾಟ್ ಶಕ್ತಿ ಒಂದು ನಿಮಿಷ ಪೂರ್ಣವಾಗಿ ಇಳಿದರೆ ಅದರ ಉಷ್ಣತೆ ಸುಮಾರು 14 ಡಿಗ್ರಿ ಏರುತ್ತದೆ. ನಷ್ಟವನ್ನು ಕಳೆದರೂ, ಬಹಳ ಹೊತ್ತು ತಿರುಗಿಸಿದ ಸ್ಮೂದಿ ಬೆಚ್ಚಗಾಗುವುದಕ್ಕೆ ಇದೇ ಕಾರಣ. ಸಮರ್ಥವಾದ ಯಂತ್ರಗಳಲ್ಲಿ ಐದಾರು ನಿಮಿಷ ತಿರುಗಿಸಿ ಒಲೆಯಿಲ್ಲದೆಯೇ ಸೂಪನ್ನು ಬಿಸಿಮಾಡುವವರೂ ಉಂಟು. ತಂಪಾಗಿ ಕುಡಿಯಬಯಸುವವರು ನೀರಿನ ಮಂಜುಗಡ್ಡೆಯನ್ನು ಹಾಕಿ ರುಚಿಯನ್ನು ತೆಳುಮಾಡುವುದಕ್ಕಿಂತ, ಋತುವಿನಲ್ಲಿ ಅಗ್ಗವಾಗಿ ದೊರೆಯುವ ಮಾವನ್ನೂ ಸಪೋಟವನ್ನೂ ತುಂಡುಮಾಡಿ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಟ್ಟುಕೊಂಡು ಅವನ್ನೇ ಬಳಸುವುದು ಉತ್ತಮ. ಕುದಿಯುವ ದ್ರವವನ್ನಂತೂ ಬಿಗಿಯಾಗಿ ಮುಚ್ಚುವ ಲೋಟದ ಬ್ಲೆಂಡರಿನಲ್ಲಿ ಸರ್ವಥಾ ತಿರುಗಿಸಬಾರದು. ಒಳಗಿನ ಹಬೆ ಹಿಗ್ಗಿ ಲೋಟ ಸಿಡಿದು ಮೈಸುಟ್ಟುಕೊಂಡವರಿದ್ದಾರೆ.

ಸದ್ದಿನ ವಿಚಾರದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. 90 ಡೆಸಿಬೆಲ್ಲಿನ ಸುತ್ತಮುತ್ತಲ ಆ ಅಬ್ಬರ ಒಂದು ನಿಮಿಷದ ಮಟ್ಟಿಗೆ ಕಿವಿಗೆ ಹಾನಿಕರವಲ್ಲ, ಆದರೆ ಬೆಳಗಿನ ಐದೂವರೆಗೆ ನೆರೆಮನೆಯ ಶಿಶುವಿಗೆ ಅದು ಖಂಡಿತವಾಗಿ ಅಪರಾಧ. ಕೆಳಗೆ ರಬ್ಬರಿನ ಹಾಸನ್ನಿಟ್ಟು, ಗೋಡೆಯ ಮೂಲೆಯಿಂದ ಈಚೆಗೆ ಸರಿಸಿದರೆ ಒಂದಿಷ್ಟು ತಗ್ಗುತ್ತದೆ.

ತೊಳೆಯುವುದನ್ನು ಮಾತ್ರ ಆಗಿಂದಾಗಲೇ ಮಾಡಬೇಕು. ಅರ್ಧ ಜಾರು ಉಗುರುಬೆಚ್ಚನೆಯ ನೀರಿಗೆ ಒಂದು ತೊಟ್ಟು ಸಾಬೂನನ್ನು ಹಾಕಿ ಅರ್ಧ ನಿಮಿಷ ತಿರುಗಿಸಿದರೆ ಯಂತ್ರ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಸಂಜೆಯವರೆಗೆ ಬಿಟ್ಟರೆ ಬಾಳೆಯ ಅಂಟು ಬ್ಲೇಡಿನ ಬುಡದಲ್ಲಿ ಒಣಗಿ ಕಲ್ಲಾಗುತ್ತದೆ. ಜಾರನ್ನು ನೀರಿನಲ್ಲಿ ಮುಳುಗಿಸಿ ನೆನೆಹಾಕಬಾರದು. ತಳದ ಸೀಲನ್ನು ದಾಟಿ ನೀರು ಬೇರಿಂಗನ್ನು ಸೇರಿದರೆ ತುಕ್ಕು ಹಿಡಿಯುವುದು ನಿಶ್ಚಯ. ಜಾರಿನ ಅಡಿಯಲ್ಲಿ ಕಪ್ಪು ಜಿಡ್ಡು ಕಾಣಿಸಿದರೆ ಸೀಲು ಸವೆಯಿತೆಂದು ತಿಳಿದು, ಅದನ್ನು ಬದಲಾಯಿಸುವವರೆಗೆ ಯಂತ್ರವನ್ನು ಬಳಸಬಾರದು. ಇಲ್ಲಿ ಮಿಕ್ಸಿಗೆ ಇರುವ ದೊಡ್ಡ ಅನುಕೂಲವನ್ನು ಒಪ್ಪಲೇಬೇಕು: ಕಪ್ಲರ್, ಕಾರ್ಬನ್ ಬ್ರಷ್, ಬುಷ್, ವಾಷರ್ ಇವೆಲ್ಲ ಬೀದಿಯ ಕೊನೆಯ ರಿಪೇರಿ ಅಂಗಡಿಯಲ್ಲಿಯೇ ಸಿಗುತ್ತವೆ, ಹಾಕಿಕೊಡುವ ಕುಶಲಿಗಳೂ ಇದ್ದಾರೆ. ವಿದೇಶೀ ಬ್ಲೆಂಡರಿನ ಬಿಡಿಭಾಗಕ್ಕೆ ಬೆಂಗಳೂರಿಗೋ ಮುಂಬಯಿಗೋ ಬರೆದು ಕಾಯಬೇಕಾಗುವ ಊರಿನವರು, ಒಂದಿಷ್ಟು ಕಡಿಮೆ ಬಲದ್ದಾದರೂ ಹತ್ತಿರದಲ್ಲಿ ದುರಸ್ತಿಯಾಗುವ ಯಂತ್ರವನ್ನೇ ಕೊಳ್ಳುವುದು ವಿವೇಕ.

ಜಾರಿಗೆ ಬೀಳುವ ಪದಾರ್ಥಗಳ ವಿವೇಚನೆ ಯಂತ್ರದ ವಿವೇಚನೆಗಿಂತ ಕಡಿಮೆಯದಲ್ಲ. ಹಿಂಡಿ ಸೋಸಿದ ರಸದಲ್ಲಿ ಇಲ್ಲವಾಗುವ ನಾರು ಸ್ಮೂದಿಯಲ್ಲಿ ಉಳಿಯುತ್ತದೆ, ಇದು ನಿಜವಾದ ಗುಣ; ಆದರೆ ಅಗಿಯುವ ಶ್ರಮವಿಲ್ಲದೆ ಎರಡು ಬಾಳೆ, ಒಂದು ಸೇಬು, ನಾಲ್ಕು ಖರ್ಜೂರಗಳ ಸಕ್ಕರೆಯೆಲ್ಲ ಎರಡು ನಿಮಿಷದಲ್ಲಿ ಹೊಟ್ಟೆಗಿಳಿಯುತ್ತದೆಂಬುದೂ ಅಷ್ಟೇ ನಿಜ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಹಣ್ಣಿನ ರಸವನ್ನೂ ಸ್ಮೂದಿಯನ್ನೂ ಒಟ್ಟು ಸೇರಿಸಿ ದಿನಕ್ಕೆ 150 ಮಿಲಿಲೀಟರಿಗೆ ಮಿತಿಗೊಳಿಸಬೇಕೆಂದು ಸಲಹೆ ಕೊಟ್ಟಿರುವುದು ಈ ಕಾರಣದಿಂದಲೇ. ಮಧುಮೇಹವುಳ್ಳ ಮನೆಗಳಲ್ಲಿ ಹಣ್ಣಿನ ಪ್ರಮಾಣವನ್ನು ತಗ್ಗಿಸಿ, ಮೊಸರು, ಸೌತೆಕಾಯಿ, ಪುದೀನ, ಬೀಜಗಳ ಪಾಲನ್ನು ಹೆಚ್ಚಿಸಬೇಕು. ಅಗಸೆಬೀಜವನ್ನು ಇಡಿಯಾಗಿ ನುಂಗಿದರೆ ಬಹುಪಾಲು ಹಾಗೆಯೇ ಹೊರಹೋಗುತ್ತದೆ. ಉತ್ತರ ಕರ್ನಾಟಕದವರು ಅದನ್ನು ಹುರಿದು ಕುಟ್ಟಿ ಚಟ್ನಿಪುಡಿ ಮಾಡಿ ರೊಟ್ಟಿಯೊಡನೆ ಉಣ್ಣುವುದು ಎಷ್ಟು ಸಮಂಜಸವೆಂಬುದು ಇದರಿಂದ ತಿಳಿಯುತ್ತದೆ, ಬ್ಲೆಂಡರಿನ ವೇಗದ ಬ್ಲೇಡೂ ಅದೇ ಕೆಲಸವನ್ನು ಮಾಡಿಕೊಡುತ್ತದೆ.

ಬಾಳೆಯ ಬಗ್ಗೆ ಈಚೆಗೆ ಹೊರಬಿದ್ದ ಸಂಗತಿಯೊಂದು ಕುತೂಹಲಕಾರಿಯಾಗಿದೆ. ಹೆಚ್ಚಿದ ಬದನೆಕಾಯಿ ಕಪ್ಪಾಗದಿರಲೆಂದು ನಾವು ನೀರಿನಲ್ಲಿ ಹಾಕುತ್ತೇವಲ್ಲವೆ. ಹಾಗೆ ಕಪ್ಪಾಗಿಸುವ ಕಿಣ್ವ ಬಾಳೆಯಲ್ಲಿ ಹೇರಳವಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು ಭಾಗವಹಿಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಳೆ ಬೆರೆತ ಸ್ಮೂದಿಯನ್ನು ಕುಡಿದವರ ದೇಹದಲ್ಲಿ ಈ ಕಿಣ್ವದ ದೆಸೆಯಿಂದ ಫ್ಲವನಾಲ್ ಎಂಬ ಹಿತಕರ ದ್ರವ್ಯದ ಪ್ರಮಾಣ 84 ಪ್ರತಿಶತ ಕಡಿಮೆಯಾಗಿದ್ದುದು ಕಂಡುಬಂದಿತು. ಇದರಿಂದ ಬಾಳೆ ಕೆಟ್ಟದ್ದೆಂದು ತಿಳಿಯಬೇಕಾದದ್ದಿಲ್ಲ. ದ್ರಾಕ್ಷಿ, ಕೋಕೋ, ಬೆರ್ರಿ ಜಾತಿಯ ಹಣ್ಣುಗಳನ್ನು ಆ ಗುಣಕ್ಕಾಗಿಯೇ ಕುಡಿಯುವವರು ಅವುಗಳೊಡನೆ ಮೊಸರನ್ನೋ ಕಿತ್ತಳೆಯನ್ನೋ ಮಾವನ್ನೋ ಸೇರಿಸಿ, ಬಾಳೆಯನ್ನು ಬೇರೆ ಹೊತ್ತಿನಲ್ಲಿ ತಿನ್ನಲಿ. ಅನಾನಸನ್ನೂ ಪಪ್ಪಾಯಿಯನ್ನೂ ಹಾಲಿನೊಡನೆ ಅರೆದು ಇಟ್ಟರೆ, ಅವುಗಳಲ್ಲಿನ ಕಿಣ್ವಗಳು ಹಾಲಿನ ಪ್ರೋಟೀನನ್ನು ಒಡೆದು ಕಹಿಯನ್ನು ತರುತ್ತವೆ. ಅಂತಹುದನ್ನು ಅರೆದ ಕೂಡಲೇ ಕುಡಿದು ಮುಗಿಸಬೇಕು. ಪಾಲಕ್ ಮತ್ತು ದಂಟಿನ ಸೊಪ್ಪಿನಲ್ಲಿ ಆಕ್ಸಲೇಟಿನ ಅಂಶ ಅಧಿಕವಾದುದರಿಂದ ಪ್ರತಿದಿನವೂ ಹಿಡಿಗಟ್ಟಲೆ ಹಸಿಯಾಗಿ ಕುಡಿಯುವ ಹುಮ್ಮಸ್ಸು ಒಳ್ಳೆಯದಲ್ಲ. ಮೂತ್ರಪಿಂಡದಲ್ಲಿ ಕಲ್ಲಿನ ಬಾಧೆ ಕಂಡವರು ವೈದ್ಯರನ್ನು ಕೇಳದೆ ಆ ಮಾರ್ಗವನ್ನು ಹಿಡಿಯಬಾರದು. ಸೊಪ್ಪನ್ನು ಬೇಯಿಸಿ ನೀರು ಬಸಿದರೆ ಆಕ್ಸಲೇಟಿನ ಒಂದು ಭಾಗ ನೀರಿನೊಡನೆ ಹೋಗುತ್ತದೆ, ಮೊಸರಿನ ಕ್ಯಾಲ್ಸಿಯಂ ಇನ್ನೊಂದು ಭಾಗವನ್ನು ಕರುಳಿನಲ್ಲಿಯೇ ಬಂಧಿಸುತ್ತದೆ.

ಹಲ್ಲು ಗಟ್ಟಿಯಿರುವವರಿಗೆ ಸೇಬನ್ನು ಕಚ್ಚಿ ತಿನ್ನುವುದೇ ಲೇಸು. ಈ ಯಂತ್ರದ ನುಣುಪು ನಿಜವಾಗಿ ಯಾರಿಗೆ ಬೇಕೋ ಅವರು ಬಹುಮಟ್ಟಿಗೆ ಮನೆಯ ಹಿರಿಯರು: ಹಲ್ಲುಗಳನ್ನು ಕಳೆದುಕೊಂಡು ಹಣ್ಣು ತರಕಾರಿಗಳನ್ನು ದೂರಮಾಡಿ, ಗಂಜಿ ಮತ್ತು ಕಾಫಿಗಳಲ್ಲಿಯೇ ದಿನವನ್ನು ಕಳೆಯುವ ಅಜ್ಜ ಅಜ್ಜಿಯರು, ಜ್ವರದಿಂದ ಎದ್ದು ಅನ್ನ ಸೇರದವರು. ಮಿಕ್ಸಿಯಲ್ಲಿ ಉಳಿಯುವ ಸೊಪ್ಪಿನ ಎಳೆಯೊಂದು, ಬಾದಾಮಿಯ ಸಿಪ್ಪೆಯ ಚೂರೊಂದು ಅವರ ಗಂಟಲಿಗೆ ತೊಡಕಾಗುತ್ತದೆ, ಕಟ್ಟುಹಲ್ಲಿನ ಅಡಿಯಲ್ಲಿ ಸಿಕ್ಕಿ ನೋಯಿಸುತ್ತದೆ. ಬೆಲೆಯ ಹೊರೆಯನ್ನು ಹೊತ್ತಾದರೂ ಸಮರ್ಥವಾದ ಬ್ಲೆಂಡರನ್ನು ಕೊಳ್ಳಿರೆಂದು ನಾನು ನಿಸ್ಸಂಕೋಚವಾಗಿ ಹೇಳುವುದು ಅಂತಹವರಿರುವ ಮನೆಗೆ. ಅವರಿಗಾಗಿ ಅರೆಯುವಾಗ ಹೆಪ್ಪುಗಟ್ಟಿದ ಹಣ್ಣನ್ನು ಬಿಟ್ಟು ಸಾಧಾರಣ ಉಷ್ಣತೆಯ ಪಪ್ಪಾಯಿಯನ್ನೋ ಮಾವನ್ನೋ ಬಳಸಬೇಕು; ಬಾದಾಮಿಯನ್ನು ರಾತ್ರಿಯೇ ನೆನೆಹಾಕಿರಬೇಕು; ರಾಗಿಯ ಹುರಿಹಿಟ್ಟನ್ನು ಎರಡು ಚಮಚ ಸೇರಿಸಿದರೆ ಹೊಟ್ಟೆಗೆ ಆಧಾರವಾಗುತ್ತದೆ. ಪಾರ್ಶ್ವವಾಯುವಿನ ತರುವಾಯ ನುಂಗುವಾಗ ಕೆಮ್ಮು ಬರುವವರಿಗೆ ತೆಳುವಾದ ದ್ರವ ಶ್ವಾಸನಾಳಕ್ಕೆ ಇಳಿಯುವ ಅಪಾಯವಿರುವುದರಿಂದ, ಎಷ್ಟು ಗಟ್ಟಿಯಾಗಿರಬೇಕೆಂಬುದನ್ನು ವೈದ್ಯರಿಂದಲೇ ತಿಳಿದು, ಅದೇ ಹದವನ್ನು ಪ್ರತಿದಿನವೂ ಅಳತೆಯ ನೀರಿನಿಂದ ಕಾಪಾಡಬೇಕು. ಅರೆದದ್ದನ್ನು ನೊರೆ ಇಳಿಯುವವರೆಗೆ ಐದು ನಿಮಿಷ ಹಾಗೆಯೇ ಬಿಟ್ಟು, ಅವರನ್ನು ನೆಟ್ಟಗೆ ಕೂರಿಸಿ, ಚಮಚ ಚಮಚವಾಗಿ ಕೊಡಬೇಕು.